ದಖ್ಖನ್ನಿನ ಬೇಸಗೆಯೂ ನಮ್ಮ ಹಿರಿಯರ ತೋಟಗಳೂ

ನಾವು ನೆಲೆಸಿರುವ ಈ ಹೈದರಾಬಾದು ನಗರದ ಬಡಾವಣೆಗಳ ಹೆಸರುಗಳನ್ನು ಒಂದು ಕಡೆಯಿಂದ ಓದುತ್ತ ಹೋದರೆ, ಇದು ತೋಟಗಳ ನಡುವೆಯೇ ಬೆಳೆದ ಊರೆಂದು ಯಾರಿಗಾದರೂ ತೋರದಿರದು. ಬಶೀರ್‌ಬಾಗ್, ಜಾಂಬಾಗ್, ಕುಂದನ್‌ಬಾಗ್, ಸೀತಾರಾಂಬಾಗ್, ಬಾಗ್‌ಲಿಂಗಂಪಲ್ಲಿ, ಬಾಗ್‌ಅಂಬರ್‌ಪೇಟೆ ಮೊದಲಾಗಿ ಈ ಪಟ್ಟಿ ಬಹು ಉದ್ದವಾದುದು. 1798ರಲ್ಲಿ ತೀರಿಕೊಂಡ ಫ್ರೆಂಚ್ ಸೇನಾನಿ ರೇಮಂಡನು ಜನರ ನಾಲಗೆಯ ಮೇಲೆ ಹೊರಳಿ ಹೊರಳಿ ಮೂಸಾರಾಮನಾಗಿ, ಅವನ ಹೆಸರಿಗೂ ಒಂದು ಬಾಗ್ ಅಂಟಿಕೊಂಡು ಮೂಸಾರಾಂಬಾಗ್ ಆದುದು ನಮ್ಮಲ್ಲಿ ಅನೇಕರಿಗೆ ತಿಳಿದ ವಿನೋದ. 17ನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದ ಫ್ರೆಂಚ್ ವರ್ತಕ ತಾವೆರ್ನಿಯೆ ಈ ಪಟ್ಟಣವನ್ನು ಬಾಗ್‌ನಗರವೆಂದೇ ಕರೆದು, ಅದಕ್ಕೆ ತೋಟದ ಅರ್ಥವನ್ನೇ ಹೇಳಿದ್ದಾನೆ. ಆ ಹೆಸರು ಭಾಗಮತಿಯಿಂದ ಬಂದಿತೋ ಬಾಗ್ ಎಂಬ ಪಾರಸಿ ಮಾತಿನಿಂದ ಬಂದಿತೋ ಎಂಬುದು ಪಂಡಿತರ ಜಗಳ. ಅದು ಅವರಿಗೇ ಇರಲಿ.

ನಮ್ಮ ಕುತೂಹಲ ಬೇರೆಯದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಹೋಗುವುದು. ಆಮೇಲೆ ಏಳೆಂಟು ತಿಂಗಳು ಆಕಾಶದಿಂದ ಹೇಳಿಕೊಳ್ಳುವಂಥದೇನೂ ಬರುವುದಿಲ್ಲ. ನೆಲವೋ, ಒಂದು ಮೊಳ ಅಗೆದರೆ ಹಾರೆ ಠಣ್ಣೆನ್ನುವ ಬಂಡೆಯ ನೆಲ. ಚೈತ್ರ ವೈಶಾಖಗಳಲ್ಲಿ ಬಿಸಿಗಾಳಿ ಬೀಸಿತೆಂದರೆ ಹಸಿರೆಲ್ಲ ಹುರಿದಂತಾಗುವುದು. ವಿದ್ಯುತ್ತಿನ ಪಂಪು, ರಬ್ಬರಿನ ಕೊಳವೆ, ಮನೆಗೊಂದು ಕೊಳವೆಬಾವಿ ಇವಾವುವೂ ಇಲ್ಲದ ಕಾಲದಲ್ಲಿ ಇಂಥ ನೆಲದಲ್ಲಿ ಇಷ್ಟೊಂದು ತೋಟಗಳನ್ನು ಹೇಗೆ ಎಬ್ಬಿಸಿದರು? ಎಬ್ಬಿಸಿದ್ದು ಹಾಗಿರಲಿ, ಬೇಸಗೆಯಿಂದ ಬೇಸಗೆಗೆ ಅವನ್ನು ಹೇಗೆ ಉಳಿಸಿಕೊಂಡರು?

ಅರಸರಿಗೆ ಆಳುಕಾಳುಗಳಿದ್ದರು, ನೀರು ಹೊರಿಸಿದರು ಎಂದು ಸುಲಭವಾಗಿ ಹೇಳಿಬಿಡಬಹುದು. ಅದು ಅರ್ಧ ಉತ್ತರ ಮಾತ್ರ. ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ, ದಖ್ಖನ್ನಿನ ತೋಟಗಾರನ ಜಾಣ್ಮೆ ನೀರನ್ನು ಹೆಚ್ಚಾಗಿ ತರುವುದರಲ್ಲಿ ಇದ್ದುದಕ್ಕಿಂತ ತಂದ ನೀರು ಬಿಸಿಲಿಗೆ ಹಾರಿಹೋಗದಂತೆ ಕಾಯುವುದರಲ್ಲಿ ಇತ್ತೆಂದು ಕಂಡುಬರುವುದು. ಈ ವಿದ್ಯೆಯ ಜಾಡು ಹಿಡಿದು ಹೊರಟರೆ ನಾವು ತಲುಪುವುದು ಕಲ್ಯಾಣ, ಬೀದರ, ವಿಜಾಪುರಗಳಿಗೆ, ಎಂದರೆ ನಮ್ಮ ಕನ್ನಡ ನಾಡಿಗೇ.

ಅಷ್ಟು ದೂರ ಹೋಗುವುದಕ್ಕೂ ಮುಂಚೆ, ಇದೇ ನಗರದ ಅಂಚಿನಲ್ಲಿರುವ ಪಟಾನ್‌ಚೆರುವಿನಲ್ಲಿ ಒಂದು ಗಳಿಗೆ ನಿಲ್ಲಬೇಕು. ಕಲ್ಯಾಣದ ಚಾಲುಕ್ಯರ ಇಮ್ಮಡಿ ಜಯಸಿಂಹನ ರಾಜಧಾನಿಯಾಗಿದ್ದ ಪೊಟ್ಟಳಕೆರೆ ಈ ಊರೇ ಎಂದು ವಿದ್ವಾಂಸರು ಗುರುತಿಸಿರುವರು. ಹೆಸರಿನಲ್ಲಿಯೇ ಕೆರೆ ಇರುವುದನ್ನು ಗಮನಿಸಿರಿ; ತೆಲುಗಿನವರ ಬಾಯಲ್ಲಿ ಅದು ಚೆರುವಾಯಿತು, ಅಷ್ಟೆ. ಈ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು ಕ್ರಿ.ಶ. 1025ರಲ್ಲಿ ‘ಲೋಕೋಪಕಾರ’ವೆಂಬ ಕನ್ನಡ ಗ್ರಂಥವನ್ನು ರಚಿಸಿದನು. (ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಈತನು ಬೇರೆ.) ಹೆಸರಿಗೆ ತಕ್ಕಂತೆ ಇದು ಸಂಸಾರಿಗರಿಗೆ ಬೇಕಾದ ತಿಳಿವಳಿಕೆಯ ಕಣಜ. ಮನೆ ಕಟ್ಟುವುದು, ಅಡಿಗೆ, ಸುಗಂಧದ್ರವ್ಯ, ದನಕರುಗಳ ವೈದ್ಯ ಇವೆಲ್ಲವುಗಳೊಂದಿಗೆ ನೆಲದೊಳಗಿನ ನೀರನ್ನು ಗುರುತಿಸುವ ವಿಚಾರಕ್ಕೂ ಗಿಡಮರಗಳ ಆರೈಕೆಗೂ ಅದರಲ್ಲಿ ಪ್ರತ್ಯೇಕವಾಗಿ ಸ್ಥಳವುಂಟು. ಸಾವಿರ ವರ್ಷದ ಹಿಂದೆ, ಸಂಸ್ಕೃತದಲ್ಲಲ್ಲದೆ ಕನ್ನಡದಲ್ಲಿ ಒಬ್ಬ ಕವಿಯು ವೃಕ್ಷಾಯುರ್ವೇದವನ್ನು ಬರೆಯಲು ಕುಳಿತನೆಂದರೆ ಅದನ್ನು ಓದಿ ಕೈಗೆ ಮಣ್ಣು ಹತ್ತಿಸಿಕೊಳ್ಳುವವರೂ ಇದ್ದಿರಬೇಕು. ಮುಂದೆ ಅದೇ ವಂಶದ ಮುಮ್ಮಡಿ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಉದ್ಯಾನವನ್ನು ಏರ್ಪಡಿಸುವ ಬಗೆಯನ್ನು ಹೇಳಿದ್ದಾನೆ, ಅವನು ಅರಸ, ಅವನ ತೋಟ ಅರಸರ ತೋಟ. ನನಗೇನೋ ಚಾವುಂಡರಾಯನೇ ಹೆಚ್ಚು ಹತ್ತಿರದವನೆನಿಸುತ್ತದೆ.

ಆ ಕಾಲದ ಶಾಸನಗಳನ್ನು ತಿರುವಿದರೂ ತೋಟ ಕಾಣದ ಪುಟ ಕಡಿಮೆ. ದೇವಾಲಯಕ್ಕೆ ಭೂಮಿಯನ್ನು ಬಿಟ್ಟವರು ಗದ್ದೆ ಬೆದ್ದಲುಗಳ ಜೊತೆಗೆ ಹೂದೋಂಟವನ್ನೂ ಮತ್ತರು, ಕಮ್ಮಗಳಲ್ಲಿ ಅಳೆದು ಬಿಡುತ್ತಿದ್ದರು. ದೇವರಿಗೆ ವರ್ಷವೆಲ್ಲ ಹೂ ಬೇಕು. ಬೇಸಗೆಯೆಂದು ಪೂಜೆ ನಿಲ್ಲದು. ಆದುದರಿಂದ ಹೂದೋಟವನ್ನು ಬಿಡುವುದೆಂದರೆ ಅದರ ನೀರಿಗೂ ಮಾಲೆಗಾರನ ಜೀವನಕ್ಕೂ ದಾರಿ ಮಾಡಿದಂತೆಯೇ ಸರಿ. ತೋಟ ಹಾಕುವ ಉತ್ಸಾಹ ಎಲ್ಲರಿಗೂ ಇರುತ್ತದೆ. ಐದನೆಯ ವರ್ಷದ ವೈಶಾಖದಲ್ಲಿ ಅದಕ್ಕೆ ನೀರೆರೆಯುವವರು ಯಾರೆಂಬುದನ್ನು ಮೊದಲೇ ಯೋಚಿಸಿದ ಈ ದಾನಿಗಳ ವಿವೇಕ ದೊಡ್ಡದು.

ನೀರೆರೆಯುವ ವಿಚಾರದಲ್ಲಿ ಹಳೆಯ ವೃಕ್ಷಾಯುರ್ವೇದ ಹೇಳುವುದೂ ಬಹಳ ಸರಳ. 6ನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯಲ್ಲಿ, ನೆಟ್ಟ ಗಿಡಕ್ಕೆ ಬೇಸಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರು ಹಾಕತಕ್ಕದ್ದೆಂದು ವಿಧಿಸಿರುವನು. ಮರಮರಕ್ಕೆ 20 ಮೊಳ ಅಂತರವಿದ್ದರೆ ಉತ್ತಮ, 16 ಮಧ್ಯಮ, 12 ಅಧಮ ಎಂದೂ ಹೇಳಿರುವನು. ಒಂದರ ಬೇರು ಇನ್ನೊಂದರ ಬೇರಿಗೆ ತಾಗಿದರೆ ಎರಡೂ ಸೊರಗುವುವೆಂಬುದು ಅವನ ಕಾರಣ. ನೀರು ಕಡಿಮೆಯಿರುವ ನೆಲದಲ್ಲಿ ಈ ಮಾತಿಗೆ ಎರಡರಷ್ಟು ಬೆಲೆ. ಇಂದು ಹೊಸ ಮನೆ ಕಟ್ಟಿಸಿದವರು ಆವರಣದ ಗೋಡೆಗೆ ಒತ್ತಾಗಿ ಎರಡೆರಡು ಅಡಿಗೊಂದು ಸಸಿ ನೆಟ್ಟು, ಮೂರನೆಯ ವರ್ಷ ಅರ್ಧವನ್ನು ಕಿತ್ತುಹಾಕುವುದನ್ನು ನಾವು ದಿನವೂ ನೋಡುತ್ತೇವೆ.

ಇನ್ನು ಬೀದರಕ್ಕೆ ಬರೋಣ. ನಮ್ಮಲ್ಲಿ ಕೆಲವರ ಹಿರಿಯರು ಅಲ್ಲಿಂದಲೇ ಬಂದವರು. 1956ರ ನವೆಂಬರ್ 1ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳೂ ಈ ಹೈದರಾಬಾದೂ ಒಂದೇ ಸಂಸ್ಥಾನದೊಳಗೆ ಇದ್ದುವು. ಆ ದಿನ ಊರುಗಳು ಇದ್ದಲ್ಲಿಯೇ ಇದ್ದು ಗಡಿಯ ಗೆರೆ ಮಾತ್ರ ಸರಿಯಿತು; ಇಲ್ಲಿ ನೌಕರಿಗೆ, ವಿದ್ಯಾಭ್ಯಾಸಕ್ಕೆ ಬಂದಿದ್ದವರು ಬೆಳಗಾಗುವಷ್ಟರಲ್ಲಿ ಹೊರನಾಡ ಕನ್ನಡಿಗರಾದರು.

ಬಹಮನಿ ಅರಸ ಅಹಮದ್ ಶಾಹನು 15ನೆಯ ಶತಮಾನದ ಮೊದಲ ಭಾಗದಲ್ಲಿ ತನ್ನ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ಒಯ್ದನು. ಬೀದರ ನಿಂತಿರುವುದು ಎತ್ತರದ ಮುರಕಲ್ಲಿನ ಹಾಸಿನ ಮೇಲೆ. ಈ ಕೆಂಪುಕಲ್ಲು ಸ್ಪಂಜಿನಂತೆ ತೂತುತೂತಾದುದು; ಮಳೆಯ ನೀರನ್ನು ಒಳಕ್ಕೆ ಹೀರಿಕೊಳ್ಳುವುದು. ಅದರ ಅಡಿಯಲ್ಲಿ ಮಣ್ಣಾದ ಪದರವೂ ಗಟ್ಟಿ ಕರಿಬಂಡೆಯೂ ಇವೆ. ಇಳಿದ ನೀರು ಆ ಗಟ್ಟಿ ನೆಲದ ಮೇಲೆ ತಡೆದು ನಿಂತು, ಹಾಸಿನ ಅಂಚಿನಲ್ಲಿ ದಾರಿ ಕಂಡಲ್ಲಿ ಝರಿಯಾಗಿ ಹೊರಬೀಳುವುದು. ಗುಹೆಯೊಳಗೆ ಎದೆಮಟ್ಟ ನೀರಿನಲ್ಲಿ ನಡೆದು ದರ್ಶನ ಪಡೆಯುವ ನರಸಿಂಹ ಝರಣಿ, ಸಿಖ್ಖರ ಯಾತ್ರಾಸ್ಥಳವಾದ ನಾನಕ್ ಝೀರಾ ಇವು ಈ ನಿಸರ್ಗದ ಏರ್ಪಾಟಿನ ಫಲ.

ನಿಸರ್ಗವು ಅಂಚಿನಲ್ಲಿ ಕೊಟ್ಟ ನೀರನ್ನು ಬೇಕಾದಲ್ಲಿಗೆ ಬರಿಸಿಕೊಳ್ಳುವ ಉಪಾಯ ಇರಾನಿನಿಂದ ಬಂದಿತು. ಬಹಮನಿ ಅರಸರು ಪಾರಸಿ ದೇಶದ ಸಂತರನ್ನೂ ಕುಶಲಿಗಳನ್ನೂ ಆದರದಿಂದ ಬರಮಾಡಿಕೊಂಡವರು. ಅಲ್ಲಿಯ ಕನಾತ್ ಅಥವಾ ಕಾರೇಜ್ ಎಂಬ ಸುರಂಗ ಕಾಲುವೆಯು ಬೀದರದ ಬಳಿಯ ನೌಬಾದಿನಲ್ಲಿ ಇಂದಿಗೂ ಇದೆ; ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಅದರ ರಚನೆಯನ್ನು ಸ್ವಲ್ಪ ವಿವರಿಸಬೇಕು. ಎತ್ತರದ ಸ್ಥಳದಲ್ಲಿ ನೀರಿನ ಸೆಲೆ ಸಿಕ್ಕುವವರೆಗೆ ಒಂದು ತಾಯಿಬಾವಿಯನ್ನು ತೋಡುವುದು. ಅದರ ತಳದಿಂದ ಊರಿನ ಕಡೆಗೆ, ಕಣ್ಣಿಗೆ ಕಾಣದಷ್ಟು ಅಲ್ಪವಾದ ಇಳಿಜಾರಿನಲ್ಲಿ, ನೆಲದೊಳಗೇ ಸುರಂಗವನ್ನು ಕೊರೆದುಕೊಂಡು ಹೋಗುವುದು. ನಡುನಡುವೆ ಮೇಲಿನಿಂದ ಬಾವಿಗಳಂತೆ ಬಾಯಿಗಳನ್ನು ತೆಗೆಯುವುದು. ಕೊರೆದ ಮಣ್ಣನ್ನು ಮೇಲೆತ್ತುವುದಕ್ಕೂ ಕೆಲಸಗಾರರಿಗೆ ಗಾಳಿ ಬೆಳಕಿಗೂ ಆಮೇಲೆ ಹೂಳೆತ್ತುವುದಕ್ಕೂ ಇವೇ ದಾರಿ. ನೌಬಾದಿನ ಸುರಂಗವು 2 ಕಿಲೋಮೀಟರಿಗೂ ಉದ್ದವಾಗಿದ್ದು, ಅದರ ಮೇಲೆ 21 ಬಾಯಿಗಳನ್ನು ಗುರುತಿಸಿರುವರು. ಎತ್ತಿಲ್ಲ, ಕಪಿಲೆಯಿಲ್ಲ, ರಾಟೆಯಿಲ್ಲ. ನೀರು ತನ್ನ ಭಾರದಿಂದ ತಾನೇ ನಡೆದು ಬರುವುದು. ಅದಕ್ಕಿಂತ ಮುಖ್ಯವಾದುದೆಂದರೆ, ಅಷ್ಟು ದೂರವೂ ಅದಕ್ಕೆ ಬಿಸಿಲಿನ ಮುಖ ಕಾಣಿಸುವುದಿಲ್ಲ. ಅದೇ ನೀರನ್ನು ತೆರೆದ ಕಾಲುವೆಯಲ್ಲಿ ವೈಶಾಖದ ಬಿಸಿಲಿನ ಕೆಳಗೆ ಹರಿಸಿದ್ದರೆ ದಾರಿಯಲ್ಲಿ ಆವಿಗೂ ಇಂಗುವುದಕ್ಕೂ ಎಷ್ಟು ಹೋಗುತ್ತಿತ್ತೋ! ಮತ್ತೊಂದು ಗುಣವೂ ಇದಕ್ಕಿದೆ. ಸುರಂಗವು ನೆಲ ತಾನಾಗಿ ಒಸರಿದಷ್ಟನ್ನೇ ಕೊಡುತ್ತದೆ. ಕೊಳವೆಬಾವಿಯಂತೆ ಪಾತಾಳದಿಂದ ಹೀರುವ ಶಕ್ತಿ ಅದಕ್ಕಿಲ್ಲ. ಆದುದರಿಂದ ತೋಟದ ಅಳತೆಯನ್ನು ನೀರೇ ಗೊತ್ತುಮಾಡುತ್ತಿತ್ತು. ಔರಂಗಾಬಾದಿನಲ್ಲಿ ಮಲಿಕ್ ಅಂಬರನೂ ಬುರ್ಹಾನಪುರದಲ್ಲಿ ಮೊಗಲರೂ 17ನೆಯ ಶತಮಾನದಲ್ಲಿ ಇಂಥವೇ ಸುರಂಗಗಳನ್ನು ತೋಡಿಸಿದರು.

ಬೀದರಕ್ಕಿಂತ ಕಷ್ಟದ ಊರು ವಿಜಾಪುರ. ಅಲ್ಲಿ ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ನೆಚ್ಚಿಕೆಯಿಲ್ಲದ್ದು. ಹೀರುವ ಮುರಕಲ್ಲಿಲ್ಲ, ಕರಿಬಂಡೆಯ ಮೇಲೆ ತೆಳುವಾದ ಮಣ್ಣು. ಇಂಥ ಕಡೆ ಆದಿಲಶಾಹಿಗಳು ಬೇರೆಬೇರೆ ದಾರಿಗಳನ್ನು ಹಿಡಿಯಬೇಕಾಯಿತು. ಪಶ್ಚಿಮದ ತೊರವಿಯಿಂದ ಸುರಂಗದ ಮೂಲಕ ನೀರು ತಂದರು. ಅಲ್ಲಿಯ ಸುರಂಗ ಬಾವಡಿ ಇಂದಿಗೂ ಇದೆ. ಊರೊಳಗೆ ದೊಡ್ಡ ಬಾವಡಿಗಳನ್ನು ಕಟ್ಟಿದರು. 1620ರ ತಾಜ್ ಬಾವಡಿಯ ಕಮಾನಿನ ಕೆಳಗೆ ನಿಂತವರಿಗೆ ಇದು ಬಾವಿಯೋ ಅರಮನೆಯೋ ಎಂದು ಸಂದೇಹ ಬರುವುದು. ಮುಹಮ್ಮದ್ ಆದಿಲಶಾಹನು 1651ರಲ್ಲಿ ಊರಿನ ದಕ್ಷಿಣಕ್ಕೆ ಬೇಗಂ ತಾಲಾಬನ್ನು ಕಟ್ಟಿಸಿ, ಸುಟ್ಟ ಮಣ್ಣಿನ ಕೊಳವೆಗಳನ್ನು ಗಾರೆಯೊಳಗೆ ಹುದುಗಿಸಿ, ಆಳವಾಗಿ ಹೂಳಿಸಿ ನಗರಕ್ಕೆ ನೀರು ಬರಿಸಿದನು. ದಾರಿಯುದ್ದಕ್ಕೂ ಅಲ್ಲಲ್ಲಿ ಗಂಜ್ ಎಂಬ ಚೌಕ ಗೋಪುರಗಳು. ಅವನ್ನು ಕಾವಲಿನ ಬುರುಜುಗಳೆಂದು ತಿಳಿಯುವವರುಂಟು. ಅವು ನೀರಿನ ಗೋಪುರಗಳು. ಕೊಳವೆಯೊಳಗಿನ ಒತ್ತಡ ಅಲ್ಲಿ ಮುರಿಯುವುದು, ನೀರಿನೊಡನೆ ಬಂದ ಮಣ್ಣು ಅಲ್ಲಿ ತಳಕ್ಕಿಳಿಯುವುದು. ಅಲ್ಲಿಂದ ಮುಂದೆ ತಿಳಿನೀರು ಹೌದುಗಳಿಗೆ, ಮನೆಗಳಿಗೆ, ತೋಟಗಳಿಗೆ ಹರಿಯುತ್ತಿತ್ತು.

ಅರಸುತನದ ಭೋಗವೂ ಇದರಲ್ಲಿ ಇರಲಿಲ್ಲವೆಂದಲ್ಲ. ವಿಜಾಪುರದ ಪೂರ್ವಕ್ಕೆ ಸುಮಾರು 10 ಮೈಲಿಯ ಕುಮಟಗಿಯಲ್ಲಿ ಕೆರೆಯ ಮಗ್ಗುಲಿಗೆ ಜಲಮಹಲುಗಳಿವೆ. ಚಾವಣಿಯಿಂದ ತುಂತುರು ಸುರಿಯುವಂತೆ ಕೊಳವೆಗಳನ್ನು ಕೂಡಿಸಿ, ಕಾರಂಜಿಗಳ ನಡುವೆ ಕುಳಿತು ಅರಸರು ಬೇಸಗೆಯನ್ನು ಕಳೆಯುತ್ತಿದ್ದರು. ಗೋಡೆಗಳ ಮೇಲೆ ಕುಸ್ತಿಯ, ಚೆಂಡಾಟದ ಚಿತ್ರಗಳೂ ಇವೆ. ನೋಡಲು ಬಹು ಸೊಗಸು. ಆದರೆ ನೀರನ್ನು ಗಾಳಿಗೆ ತೂರಿ ತಂಪು ಪಡೆಯುವ ಈ ವಿದ್ಯೆ ಕೆರೆಯೊಂದನ್ನು ಸ್ವಂತಕ್ಕೆ ಇಟ್ಟುಕೊಂಡವರಿಗೆ ಮಾತ್ರ ಸಾಧ್ಯ. ಸಾಮಾನ್ಯ ಸಂಸಾರಿಗೆ ಇದರಿಂದ ಕಲಿಯತಕ್ಕುದು ಬಹಳವಿಲ್ಲ.

ಕಲಿಯತಕ್ಕುದು ಇರುವುದು ತೋಟದ ಅಂಗಳವಿನ್ಯಾಸದಲ್ಲಿ. ಪಾರಸಿ ಮಾದರಿಯ ಚಾರ್‌ಬಾಗಿನಲ್ಲಿ ನಡೆಯುವ ದಾರಿ ಮೇಲೆ, ಗಿಡ ನೆಟ್ಟ ಮಡಿ ಕೆಳಗೆ. ಇದು ಬರಿಯ ಅಂದಕ್ಕಾಗಿ ಮಾಡಿದ್ದಲ್ಲ. ನೆಲ ತಗ್ಗಾಗಿದ್ದರೆ ಹಾಯಿಸಿದ ನೀರು ಹೊರಕ್ಕೆ ಹರಿದುಹೋಗದೆ ಬೇರಿನ ಬಳಿಯೇ ನಿಲ್ಲುವುದು; ಮಳೆ ಬಂದರೆ ದಾರಿಯ ಮೇಲೆ ಬಿದ್ದ ನೀರೂ ಮಡಿಗೇ ಇಳಿಯುವುದು; ಮೇಲೆ ಸುಳಿಯುವ ಬಿಸಿಗಾಳಿ ತಗ್ಗಿನ ಮಣ್ಣನ್ನು ಅಷ್ಟಾಗಿ ಒಣಗಿಸದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೀರು ನಿಂತರೆ ಬೇರು ಕೊಳೆಯುವುದೆಂದು ಏರುಮಡಿ ಮಾಡುವರು. ಅದು ಅಲ್ಲಿಗೆ ಸರಿ. ಆ ಏರುಮಡಿಯನ್ನು ತಂದು ನಮ್ಮ ಒಣನೆಲದಲ್ಲಿ, ಅದರಲ್ಲೂ ಸುತ್ತ ಇಟ್ಟಿಗೆ ಜೋಡಿಸಿ ಎತ್ತರವಾಗಿ ಮಾಡಿ, ಬೇಸಗೆಯಲ್ಲಿ ಗಿಡ ಒಣಗಿತೆಂದು ಕೊರಗುವುದು ನಮ್ಮ ನಗರಗಳಲ್ಲಿ ಸಾಮಾನ್ಯವಾದ ದೃಶ್ಯ. ನಮ್ಮ ರೈತನು ಮರದ ಬುಡಕ್ಕೆ ಮಾಡುವ ಪಾತಿಯೂ ಈ ತಗ್ಗುಮಡಿಯ ತಮ್ಮನೇ. ಬುಡಕ್ಕೆ ಒತ್ತಾಗಿ ಅಲ್ಲ, ಕೊಂಬೆಗಳ ನೆರಳು ಬೀಳುವ ಅಂಚಿನ ಸುತ್ತ ಪಾತಿಯಿರಬೇಕೆಂಬುದನ್ನು ಮಾತ್ರ ಮರೆಯಬಾರದು. ನೀರು ಹೀರುವ ಎಳೆಬೇರುಗಳು ಹೆಚ್ಚಾಗಿರುವುದು ಅಲ್ಲಿ.

ಎರಡನೆಯದು ನೆರಳಿನ ಕ್ರಮ. ಮೇಲೆ ಮಾವು, ಹುಣಸೆ, ಬೇವುಗಳಂಥ ದೊಡ್ಡ ಮರ. ಅದರ ಚೆದುರು ನೆರಳಿನ ಅಂಚಿಗೆ ದಾಳಿಂಬೆ, ನಿಂಬೆ, ಅಂಜೂರ. ಅದರ ಮಗ್ಗುಲಿಗೆ ಮಲ್ಲಿಗೆ, ಕಣಗಿಲೆ. ಒಂದು ಇನ್ನೊಂದಕ್ಕೆ ಕೊಡೆ ಹಿಡಿದಂತೆ. ಗಿಡಗಳ ಆಯ್ಕೆಯಲ್ಲಿ ಆ ಜನರಿಗೆ ಸ್ವದೇಶಿ ವಿದೇಶಿ ಎಂಬ ಮಡಿವಂತಿಕೆ ಇರಲಿಲ್ಲ. ಬಿಸಿಲಿಗೆ ತಾಳಿದುದೆಲ್ಲ ನೆಂಟನೇ. ಆಫ್ರಿಕದಿಂದ ಬಂದ ಬೃಹತ್ ಕಾಂಡದ ಬೇವೊಬಾಬ್ ಮರವು ಗೋಲ್ಕೊಂಡದಲ್ಲಿಯೂ ವಿಜಾಪುರದಲ್ಲಿಯೂ ನಿಂತಿದೆ. ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಇಂಥ ಮೂರು ಮರಗಳಿದ್ದು, ಜನರು ಅವನ್ನು ದೊಡ್ಡ ಹುಣಸೆಯೆಂದು ಕರೆದು ಮಠಕ್ಕೇ ಆ ಹೆಸರನ್ನಿಟ್ಟಿರುವರು. ಕಾಂಡದೊಳಗೆ ನೀರನ್ನು ಕೂಡಿಟ್ಟುಕೊಂಡು, ಬೇಸಗೆಯಲ್ಲಿ ಎಲೆಯೆಲ್ಲ ಉದುರಿಸಿ ನಿಲ್ಲುವ ಈ ಮರ ಒಣನಾಡಿನ ತಪಸ್ವಿ. ನಮ್ಮ ಬಾಗಿಲ ತೋರಣಕ್ಕೆ ಬೇಕೇಬೇಕಾದ ಚೆಂಡುಹೂವೂ ಮೂಲದಲ್ಲಿ ಅಮೆರಿಕ ಖಂಡದ್ದೆಂದರೆ ನಮ್ಮ ತಾಯಂದಿರು ನಂಬಲಿಕ್ಕಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಶಾಸನದಲ್ಲಿ, ಗ್ರಂಥದಲ್ಲಿ, ಕಲ್ಲು ಗಾರೆಗಳಲ್ಲಿ ಉಳಿದ ಇತಿಹಾಸ. ಬರೆಯದೆ ಉಳಿದ ಇನ್ನೊಂದು ಇತಿಹಾಸವಿದೆ, ಅದು ಹಿತ್ತಲಿನದು. ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆಯನ್ನೂ ಕೆಸುವನ್ನೂ ಹಾಕಿ, ಪಾತ್ರೆ ಬೆಳಗಿದ ನೀರು ನಿಲ್ಲುವಲ್ಲಿ ತೊಂಡೆಯ ಬಳ್ಳಿಯನ್ನು ಹಬ್ಬಿಸಿ, ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಸುರಿದು, ಒಂದು ಕೊಡವನ್ನು ಎರಡು ಸಲ ದುಡಿಸಿದವರು ನಮ್ಮ ಅಜ್ಜಿಯರು. ದೂರದ ಬಾವಿಯಿಂದ ನೀರು ಹೊತ್ತು ತಂದ ಹೆಗಲಿಗೆ ಅದರ ಬೆಲೆ ಗೊತ್ತಿತ್ತು. ಬೇಸಗೆಯಲ್ಲಿ ತುಲಸಿಯ ಮೇಲೆ ತಳದಲ್ಲಿ ಸಣ್ಣ ತೂತಿರುವ ಗಡಿಗೆಯನ್ನು ತೂಗಿಬಿಟ್ಟು ಹನಿಹನಿಯಾಗಿ ನೀರು ಇಳಿಯುವಂತೆ ಮಾಡುವುದು, ಶಿವನ ಮೇಲೆ ಧಾರಾಪಾತ್ರೆಯನ್ನು ಕಟ್ಟುವುದು ನಮಗೆ ಧರ್ಮ. ಹನಿ ನೀರಾವರಿಯ ತತ್ತ್ವ ಅದರೊಳಗೆ ಇದ್ದೇ ಇದೆ. ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ಬಾಯಿ ಮಾತ್ರ ಮೇಲಿರುವಂತೆ ಬೇರಿನ ಬಳಿ ಹೂಳಿ, ನೀರು ತುಂಬಿ ಮುಚ್ಚಿಡುವ ಪದ್ಧತಿಯೂ ಹಳೆಯದು. ಚೀನದೇಶದ ಫಾನ್ ಶೆಂಗ್ಜಿಯೆಂಬವನು ಕ್ರಿಸ್ತಪೂರ್ವ 1ನೆಯ ಶತಮಾನದಲ್ಲಿಯೇ ಇದನ್ನು ಬರೆದಿಟ್ಟಿದ್ದಾನೆ. ಮಣ್ಣು ಒಣಗಿದಂತೆ ಗಡಿಗೆಯ ಗೋಡೆಯಿಂದ ನೀರು ಒಸರುವುದು, ಮಣ್ಣು ತಣಿದರೆ ಒಸರುವುದು ತಗ್ಗುವುದು. ಎಷ್ಟು ಬೇಕೋ ಅಷ್ಟನ್ನು ಗಿಡವೇ ಕೇಳಿ ಪಡೆದಂತೆ.

ಬೀದರದ ಈ ವಿದ್ಯೆ ಗೋಲ್ಕೊಂಡಕ್ಕೆ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. ಕುತುಬಶಾಹಿ ವಂಶದ ಮೂಲಪುರುಷ ಸುಲ್ತಾನ್ ಕುಲಿಯು ಬಹಮನಿಗಳ ಕೈಕೆಳಗೆ ತೆಲಂಗಾಣದ ಅಧಿಕಾರಿಯಾಗಿದ್ದವನು. ಅವನ ವಂಶದವರು ಹುಸೇನ್ ಸಾಗರವನ್ನು ಕಟ್ಟಿಸಿದರು, ಕೋಟೆಯ ತುದಿಯವರೆಗೆ ಮಣ್ಣಿನ ಕೊಳವೆಗಳಲ್ಲಿ ಹಂತಹಂತವಾಗಿ ನೀರು ಏರಿಸಿದರು, ಗೋರಿಗಳ ತೋಟಗಳಿಗಾಗಿ ಮೆಟ್ಟಿಲ ಬಾವಿಗಳನ್ನು ತೋಡಿಸಿದರು. 1591ರಲ್ಲಿ ಈ ನಗರಕ್ಕೆ ಅಸ್ತಿಭಾರ ಬಿದ್ದಿತು. ತಾವೆರ್ನಿಯೆಯು ಇಲ್ಲಿಯ ಅರಮನೆಯ ಮಾಳಿಗೆಗಳ ಮೇಲೆಯೇ ತೋಟಗಳಿದ್ದುವೆಂದೂ, ಅಲ್ಲಿಯ ಮರಗಳು ಎಷ್ಟು ದೊಡ್ಡವೆಂದರೆ ಕೆಳಗಿನ ಕಮಾನುಗಳು ಆ ಭಾರವನ್ನು ಹೇಗೆ ಹೊರುವುವೆಂದು ಬೆರಗಾಗುವುದೆಂದೂ ಬರೆದಿರುವನು. ನಾಲ್ಕನೆಯ ಮಹಡಿಯ ತಾರಸಿಯ ಮೇಲೆ ಕುಂಡಗಳನ್ನಿಟ್ಟುಕೊಂಡು ಹೊಸದೇನನ್ನೋ ಮಾಡಿದೆವೆಂದು ಹಿಗ್ಗುವ ನಮ್ಮ ಯುವಕರು ಇದನ್ನು ತಿಳಿದಿರುವುದು ಒಳ್ಳೆಯದು.

1686ರಲ್ಲಿ ವಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ಕೈಸೇರಿದುವು. ಅರಸೊತ್ತಿಗೆ ಹೋದ ಮೇಲೆ ಹೂಳೆತ್ತಿಸುವವರಿಲ್ಲ. ಹೂಳು ತುಂಬಿದ ಸುರಂಗ, ಒಡೆದ ಕೊಳವೆ, ಬತ್ತಿದ ಹೌದು. ವಿಜಾಪುರದ ತೋಟಗಳು ಹೀಗೆ ಅಳಿದುವು. ಹೈದರಾಬಾದು ಮಾತ್ರ ನಿಜಾಮರ ಕಾಲದಲ್ಲಿ ಮತ್ತೆ ಚಿಗುರಿ ಹೊಸ ಬಾಗ್‌ಗಳನ್ನು ಪಡೆಯಿತು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರ ಊರನ್ನು ಕೊಚ್ಚಿದಾಗ ನಮ್ಮ ವಿಶ್ವೇಶ್ವರಯ್ಯನವರು 1909ರಲ್ಲಿ ಇಲ್ಲಿಗೆ ಬಂದು ಯೋಜನೆಗಳನ್ನು ರೂಪಿಸಿಕೊಟ್ಟುದೂ, ಅದರಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರಗಳು ಮುಗಿದುದೂ ಇಲ್ಲಿಯ ಕನ್ನಡಿಗರು ಅಭಿಮಾನದಿಂದ ನೆನೆಯುವ ಸಂಗತಿ. ಆ ಮೇಲೆ ಮಾಂಜ್ರಾ ನದಿಯ ನೀರು ಬಂದಿತು; ಅದು ಬೀದರ ಜಿಲ್ಲೆಯನ್ನು ಹಾದು ಬರುವ ನದಿ. ಅನಂತರ ಕೃಷ್ಣೆಯ ನೀರೂ ಬಂದಿತು. ನಾವು ಬಂದ ದಾರಿಯಲ್ಲಿಯೇ ನಮ್ಮ ನಲ್ಲಿಯ ನೀರೂ ಬಂದಿದೆಯೆನ್ನಬಹುದು.

ನಲ್ಲಿ ಬಂದುದು ದೊಡ್ಡ ಉಪಕಾರ. ಕೊಡ ಹೊರುವ ಕಷ್ಟವನ್ನು ಹೊಗಳುವ ಕವಿತ್ವ ನನ್ನದಲ್ಲ. ಆದರೆ ನಲ್ಲಿಯ ಹಿಂದೆಯೇ ಇಂಗ್ಲಿಷರ ಹುಲ್ಲುಹಾಸೂ ಬಂದಿತು. ವರ್ಷವೆಲ್ಲ ತುಂತುರು ಮಳೆ ಬೀಳುವ ಮಂಜಿನ ನಾಡಿನಲ್ಲಿ ತಾನಾಗಿ ಬೆಳೆಯುವ ಹುಲ್ಲು ಅದು. ಅದರ ನೀರಿನ ಲೆಕ್ಕವನ್ನು ಮನೆಯಲ್ಲಿಯೇ ಹಾಕಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ನೀರೆಂದರೆ ಒಂದು ಲೀಟರು. ಕಡುಬೇಸಗೆಯಲ್ಲಿ ಹಸಿರು ಹುಲ್ಲು ದಿನಕ್ಕೆ ಐದಾರು ಮಿಲಿಮೀಟರನ್ನು ಗಾಳಿಗೆ ಬಿಡುವುದೆಂದರೆ, 10 ಮೀಟರು ಉದ್ದ 10 ಮೀಟರು ಅಗಲದ ಹಾಸಿಗೆ ದಿನಕ್ಕೆ 500ರಿಂದ 600 ಲೀಟರು ಬೇಕು. ಎರಡು ತಿಂಗಳಿಗೆ 30,000 ಲೀಟರಿಗೂ ಮಿಕ್ಕು. ಆ ಹುಲ್ಲು ನೆರಳು ಕೊಡುವುದಿಲ್ಲ, ಹಣ್ಣು ಕೊಡುವುದಿಲ್ಲ, ಪೂಜೆಗೆ ಒಂದು ಹೂವನ್ನೂ ಕೊಡುವುದಿಲ್ಲ. ಅದೇ ಸಮಯಕ್ಕೆ ಪಕ್ಕದ ಬೀದಿಯವರು ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತಿರುತ್ತಾರೆ. ಹಾಸನ್ನು ಕಿತ್ತು ಆ ಜಾಗದಲ್ಲಿ ಒಂದು ಬೇವು, ಎರಡು ದಾಳಿಂಬೆ, ನಾಲ್ಕು ಮಲ್ಲಿಗೆಯ ಬುಡಗಳನ್ನು ಹಾಕಿಕೊಂಡರೆ ಅದರಲ್ಲಿ ಸಣ್ಣದೊಂದು ಪಾಲು ನೀರು ಸಾಕು. ಇನ್ನೊಂದು ಲೆಕ್ಕ: 100 ಚದರ ಮೀಟರಿನ ತಾರಸಿಯ ಮೇಲೆ 800 ಮಿಲಿಮೀಟರು ಮಳೆಯೆಂದರೆ 80,000 ಲೀಟರು. ಅದರಲ್ಲಿ ಅರ್ಧವನ್ನಾದರೂ ತೊಟ್ಟಿಗೋ ಇಂಗುಗುಂಡಿಗೋ ಬಿಟ್ಟುಕೊಂಡವರು ಬೀದರದ ಮುರಕಲ್ಲಿನ ಕೆಲಸವನ್ನೇ ಮಾಡಿದಂತೆ.

ಬರದ ನಾಡಿನ ಜ್ಞಾನವನ್ನು ಶಾಸ್ತ್ರೀಯವಾಗಿ ಪರೀಕ್ಷಿಸುವ ಕೆಲಸವೂ ನಮ್ಮ ಸೀಮೆಯಲ್ಲಿಯೇ ಮೊದಲಾಯಿತು. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳನ್ನು ತೆರೆದಾಗ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಇವು ನಾಲ್ಕಾಗಿ, ರೋಹತಕ್ ಐದನೆಯದಾಯಿತು. ಒಡ್ಡು ಹಾಕಿ ಮಳೆಯನ್ನು ಹೊಲದಲ್ಲಿಯೇ ನಿಲ್ಲಿಸುವುದು, ವಿರಳವಾಗಿ ಬಿತ್ತುವುದು, ಎಡೆ ಹೊಡೆದು ಎರೆಭೂಮಿಯ ಬಿರುಕುಗಳನ್ನು ಮುಚ್ಚಿ ತೇವವನ್ನು ಹಿಡಿಯುವುದು, ಇವೇ ಅಲ್ಲಿ ಪ್ರಯೋಗಿಸಿದ ವಿಷಯಗಳು. ಒಣನಾಡಿನ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನ ಸಂಸ್ಥೆ 1972ರಲ್ಲಿ ಸ್ಥಾಪನೆಯಾದುದು ಪಟಾನ್‌ಚೆರುವಿನಲ್ಲಿ, ಎಂದರೆ ಜಯಸಿಂಹನ ಪೊಟ್ಟಳಕೆರೆಯಲ್ಲಿ. ಇದು ಆಕಸ್ಮಿಕವೇ ಇರಬಹುದು. ಚಾವುಂಡರಾಯನಿಗೆ ತಿಳಿದಿದ್ದರೆ ಸಂತೋಷಪಡುತ್ತಿದ್ದನು.

ಹಳೆಯ ಜಲಕಾರ್ಯಗಳ ಕಡೆಗೆ ಈಚೆಗೆ ಮತ್ತೆ ದೃಷ್ಟಿ ಹರಿಯುತ್ತಿದೆ. ನೌಬಾದಿನ ಸುರಂಗದ ಬಾಯಿಗಳಲ್ಲಿ ಕಸವೂ ಮಣ್ಣೂ ತುಂಬಿಹೋಗಿದ್ದುವು. 2010ರ ದಶಕದಲ್ಲಿ ಅವನ್ನು ಹುಡುಕಿ ತೆರೆದು ಹೂಳೆತ್ತಿಸಲಾಯಿತು. ವಿಜಾಪುರದ ಸುರಂಗ ಬಾವಡಿಯು 2020ರಲ್ಲಿ ಜಗತ್ತಿನ ಸ್ಮಾರಕಗಳ ರಕ್ಷಣೆಗೆ ದುಡಿಯುವ ಸಂಸ್ಥೆಯೊಂದರ ಪಟ್ಟಿಯಲ್ಲಿ ಸೇರಿತು. ಕುತುಬಶಾಹಿ ಗೋರಿಗಳ ಆವರಣದ ಮೆಟ್ಟಿಲ ಬಾವಿಗಳನ್ನು ದುರಸ್ತಿ ಮಾಡಿದುದಕ್ಕೆ 2022ರಲ್ಲಿ ಯುನೆಸ್ಕೋ ಪ್ರಶಸ್ತಿ ಬಂದಿತು. ಬಿಡುವಿನ ದಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಗುಮ್ಮಟಗಳನ್ನು ಮಾತ್ರ ತೋರಿಸಿ ಹಿಂದಿರುಗಬಾರದು. ಬಾವಿಯ ಮೆಟ್ಟಿಲುಗಳ ಮೇಲೂ ಒಂದು ಗಳಿಗೆ ನಿಲ್ಲಿಸಬೇಕು.

ಈ ಸಂಚಿಕೆ ತಮ್ಮ ಕೈಸೇರುವ ರಾಜ್ಯೋತ್ಸವದ ಹೊತ್ತಿಗೆ ಮುಂಗಾರು ಮುಗಿದು ಹಿಂಗಾರೂ ಕೊನೆಗಾಣುತ್ತಿರುತ್ತದೆ. ಮುಂದಿನ ಬೇಸಗೆಯ ತೋಟವನ್ನು ಕಾಯುವ ಕೆಲಸಕ್ಕೆ ಇದೇ ಸರಿಯಾದ ಕಾಲ. ಮಣ್ಣಿನಲ್ಲಿ ಇನ್ನೂ ತೇವವಿರುವಾಗಲೇ ಮೇಲಿನ ಹೆಪ್ಪನ್ನು ಸಡಿಲಿಸಿ, ಉದುರಿದ ಎಲೆ, ಒಣಹುಲ್ಲು, ತೆಂಗಿನ ನಾರು, ಸಿಕ್ಕಿದುದನ್ನು ಮೂರು ನಾಲ್ಕು ಬೆರಳು ದಪ್ಪನಾಗಿ ಹೊದಿಸಬೇಕು. ಕಾಂಡಕ್ಕೆ ಮಾತ್ರ ತಾಗಿಸಬಾರದು. ಬೀದಿ ಗುಡಿಸುವವರು ಎಲೆಗೆ ಬೆಂಕಿಯಿಡುವ ಮುನ್ನ ಕೇಳಿದರೆ ಒಂದು ಚೀಲ ಕೊಡದೆ ಇರುವುದಿಲ್ಲ. ಬಚ್ಚಲ ನೀರನ್ನು ಬಾಳೆಗೂ ಹೂಗಿಡಕ್ಕೂ ತಿರುಗಿಸಿಕೊಳ್ಳಬಹುದು. ಬಟ್ಟೆ ಒಗೆಯುವ ಪುಡಿಯ ನೊರೆನೀರನ್ನು ಬೇರೆಯಾಗಿ ಬಿಡಬೇಕು. ಹಸಿಯಾಗಿ ತಿನ್ನುವ ಸೊಪ್ಪಿಗಂತೂ ಈ ನೀರು ಕೂಡದು. ತಾರಸಿಯಲ್ಲಿ ತೋಟ ಮಾಡುವವರು ಹಸಿ ಮಣ್ಣಿನ ಭಾರವನ್ನು ಕಟ್ಟಡ ತಾಳುವುದೇ ಎಂದು ತಿಳಿದವರನ್ನು ಕೇಳಿಕೊಂಡು, ಕುಂಡಗಳನ್ನು ಒಂದಕ್ಕೊಂದು ಒತ್ತಾಗಿ, ಪಶ್ಚಿಮದ ಬಿಸಿಲಿಗೆ ಮರೆಯಾಗಿ ಇಡುವುದು ಮೇಲು. ದೊಡ್ಡ ಕುಂಡದ ನಡುವೆ ತಳದ ತೂತನ್ನು ಮುಚ್ಚಿದ ಒಂದು ಚಿಕ್ಕ ಮಣ್ಣಿನ ಗಡಿಗೆಯನ್ನು ಹೂತು ತುಂಬಿಟ್ಟರೆ, ಊರಿಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೂ ಗಿಡ ಬಾಡದು. ಗಡಿಗೆಯ ಬಾಯಿಗೆ ಮುಚ್ಚಳವಿದ್ದರೆ ಸೊಳ್ಳೆಯ ಕಾಟವೂ ಇಲ್ಲ. ಹೊಸ ಮರವನ್ನು ನೆಡುವ ಆಸೆಯಿದ್ದವರು ಯುಗಾದಿಯ ಹುರುಪಿನಲ್ಲಿ ನೆಡದೆ, ಗುಣಿಯನ್ನು ಬೇಸಗೆಯಲ್ಲಿ ತೋಡಿ ಬಿಸಿಲು ಕಾಯಿಸಿಟ್ಟು, ಮೃಗಶಿರಾ ಮಳೆ ನೆಲ ನೆನೆಸಿದ ಮೇಲೆ ಸಸಿಯನ್ನು ಇಳಿಸತಕ್ಕದ್ದು. ಮೊದಲ ಎರಡು ಬೇಸಗೆ ಅದಕ್ಕೆ ಪಾತಿಯ ನೀರು ಬೇಕು. ಮೂರನೆಯದರಿಂದ ಬೇವು, ಹುಣಸೆಗಳು ಕೇಳುವುದಿಲ್ಲ; ದಾಳಿಂಬೆ, ನಿಂಬೆಗಳು ವಾರಕ್ಕೊಂದು ಸಲ ಕೇಳುವುವು.